ಹಾಜರಿ ಪುಸ್ತಕದ ಹೊರಗಿನವರು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಶಾಲೆಗಳ ಚರಿತ್ರೆ ಬರೆಯುವವರು ಜಾಗ ಕೊಟ್ಟ ದಾನಿಗಳಿಂದಲೇ ಶುರುಮಾಡುತ್ತಾರೆ. ಆ ಜಗಲಿ ಹತ್ತಲು ಯಾರನ್ನು ಬಿಡಲಿಲ್ಲ ಅನ್ನೋ ಪ್ರಶ್ನೆಯಿಂದ ಶುರುಮಾಡಿದರೆ ಬೇರೆಯದೇ ಚರಿತ್ರೆ ಕಾಣುತ್ತದೆ.

ಈ ಸೀಮೆ 1956ರವರೆಗೆ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದ ಭಾಗ. 1893ರಲ್ಲಿ ಮದರಾಸು ಸರಕಾರ ಪಂಚಮರ ಶಿಕ್ಷಣಕ್ಕೆಂದೇ ಆದೇಶ ಹೊರಡಿಸಿತು. ಸಾರ್ವಜನಿಕ ಶಾಲೆ ನಿಜಕ್ಕೂ ಸಾರ್ವಜನಿಕವಾಗಿದ್ದರೆ ಈ ಪ್ರತ್ಯೇಕ ಆದೇಶ ಯಾಕೆ ಬೇಕಿತ್ತು? 1892ರಲ್ಲೇ ಮಂಗಳೂರಿನಲ್ಲಿ ಅಸ್ಪೃಶ್ಯ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರಿಗೆ ಸ್ವಜಾತಿಯವರೇ ಬಹಿಷ್ಕಾರ ಹಾಕಿದರು. 1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅವರ ದೊಡ್ಡತನ ಒಪ್ಪೋಣ. ಆದರೆ ಧಣಿಯ ಮಾತು ಮೀರಿ, ಒಂದು ಕೂಲಿ ಕಳಕೊಂಡು, ಮಗುವಿನ ಕೈಗೆ ಸ್ಲೇಟು ಕೊಟ್ಟ ತಾಯಿಯ ಧೈರ್ಯಕ್ಕೆ ನಮ್ಮ ಚರಿತ್ರೆಯಲ್ಲಿ ಒಂದು ಸಾಲೂ ಇಲ್ಲ.

ಕೋಟದ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಚೋಮ ಬೇಡಿದ್ದು ಭೂಮಿ. ಅವನ ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋದರು. ದುಡಿಯ ಸದ್ದಿನ ಬಗ್ಗೆ ನಮ್ಮ ವಿಮರ್ಶಕರು ಪುಟಗಟ್ಟಲೆ ಬರೆದರು. ಕ್ಲಾಸಿನಲ್ಲಿ ಈ ಕಾದಂಬರಿ ಪಾಠ ಮಾಡುವಾಗ ನನಗೆ ಕಾಡುವವರು ಆ ಮಕ್ಕಳು. ಭೂಮಿ ಇಲ್ಲದವನ ಮಗು ಅಪ್ಪನ ಸಾಲಕ್ಕೆ ಅಡವಾಗುತ್ತದೆ; ಅಡವಾದ ಮಗುವಿಗೆ ಶಾಲೆ ಎಲ್ಲಿಂದ ಬರಬೇಕು?

ಕೊರಗರ ಕಥೆ ಇನ್ನೂ ಕ್ರೂರ. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಅಂಥ ಅವಮಾನ ಹೊತ್ತ ಮನೆಯ ಮಗು ಶಾಲೆ ಬಿಟ್ಟರೆ ‘ಓದಿನಲ್ಲಿ ಆಸಕ್ತಿಯಿಲ್ಲ’ ಅಂತ ಷರಾ ಬರೆಯುವುದು ಎಷ್ಟು ಸುಲಭ!

2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 94 ಫಲಿತಾಂಶದೊಂದಿಗೆ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲು. ಸಂತೋಷವೇ. ಆದರೆ ಅದು ಪರೀಕ್ಷೆಗೆ ಕೂತವರ ಲೆಕ್ಕ. ಹತ್ತನೇ ಕ್ಲಾಸು ಮುಟ್ಟುವ ಮೊದಲೇ ಜಾರಿಹೋದವರು ಈ ಶೇಕಡಾವಾರಿನೊಳಗೆ ಇಲ್ಲ.

ಈಗ ಉಳ್ಳವರ ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಮ್ಮಿನ ವ್ಯಾನು ಹತ್ತಿದ್ದಾರೆ. ನಮ್ಮವರೂ ಸಾಲ ಮಾಡಿ ಹತ್ತಿಸುತ್ತಾರೆ. ಅವರನ್ನು ಕನ್ನಡದ್ರೋಹಿಗಳು ಅನ್ನಲಾರೆ. ತಮ್ಮ ಮಕ್ಕಳಿಗೆ ಇಂಗ್ಲಿಷ್ ಕೊಡಿಸಿ, 2019ರಲ್ಲಿ ಸರಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮ ತೆರೆದಾಗ ಮಾತ್ರ ಭಾಷೆಗಾಗಿ ಕಣ್ಣೀರಿಟ್ಟವರಿಗೆ ಆ ಹಕ್ಕಿಲ್ಲ. ಸಾಲವೂ ಹುಟ್ಟದ ಮನೆಯ ಮಕ್ಕಳು ಸರಕಾರಿ ಶಾಲೆಯಲ್ಲಿ ಉಳಿದಿದ್ದಾರೆ. ಆಗ ಊರಿನ ದೊಡ್ಡವರು ಕೇಳುತ್ತಾರೆ: “ಮಕ್ಳೇ ಇಲ್ದೆ ಶಾಲಿ ಎಂತಕೆ?”

ಮಕ್ಕಳು ಇಲ್ಲದೆ ಇಲ್ಲ. ಅವರ ಮಕ್ಕಳಿಲ್ಲ, ಅಷ್ಟೆ. ಹಿಂದೆ ಮೈಲಿಗೆ ಅಂತ ನಮ್ಮನ್ನು ಹೊರಗಿಟ್ಟರು. ಈಗ ‘ಸ್ಟ್ಯಾಂಡರ್ಡ್ ಇಲ್ಲ’ ಅಂತ ತಾವೇ ಹೊರಗೆ ಹೋದರು. ಎರಡು ಸಲವೂ ನಷ್ಟ ಯಾರದು? ಆದ್ದರಿಂದ ಗೆಳೆಯರೇ, ಸಂಖ್ಯೆ ಸಾಲದೆಂದು ಒಂದು ಶಾಲೆಗೆ ಬೀಗ ಹಾಕಲು ಹೊರಟರೆ, ಅಲ್ಲಿ ಉಳಿದಿರುವ ಹತ್ತು ಮಕ್ಕಳು ಯಾವ ಕೇರಿಯವರು, ನಾಳೆ ಎಷ್ಟು ಮೈಲಿ ನಡೆಯಬೇಕು ಅಂತ ಮೊದಲು ಕೇಳೋಣ.