ಕೊಚ್ಚಿಯ ಟ್ಯಾಂಕರ್, ತಿರುವನಂತಪುರದ ಹುಲ್ಲು

ಕೊಚ್ಚಿಗೆ ಬಂದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಲು ಟ್ಯಾಂಕರ್ ಬಂದದ್ದು ರಾತ್ರಿ ಎರಡಕ್ಕೆ. "ಎಲ್ಲಿಗೆ ಒಯ್ತೀರಿ ಚೇಟ್ಟಾ?" ಅಂತ ಹರುಕು ಮಲಯಾಳದಲ್ಲಿ ಕೇಳಿದೆ. ನಕ್ಕ, ಅಷ್ಟೆ. ನಾನೂ ದುಡ್ಡು ಕೊಟ್ಟು ಮಲಗಿದೆ.

ತಿರುವನಂತಪುರದಲ್ಲಿ ಅರಸರ ಕಾಲದಲ್ಲೇ ಒಳಚರಂಡಿ ಹಾಕಿದ್ದರು. ಊರ ಕೊಳಚೆಯನ್ನು ವಲಿಯತುರದ ಹೊಲಕ್ಕೆ ಹರಿಸಿ ದನಗಳಿಗೆ ಹುಲ್ಲು ಬೆಳೆಯುತ್ತಿದ್ದರು. ಊರು ದೊಡ್ಡದಾಯಿತು, ಹೊಲ ಸಾಲಲಿಲ್ಲ. ಪಾರ್ವತಿ ಪುತ್ತನಾರ್ ಕಾಲುವೆ ಕಪ್ಪಾಯಿತು. ದಿನಕ್ಕೆ 10.7 ಕೋಟಿ ಲೀಟರ್ ಶುದ್ಧೀಕರಿಸಬಲ್ಲ ಮುಟ್ಟತ್ತರ ಘಟಕ ಶುರುವಾದದ್ದು 2013ರಲ್ಲಿ.

ಕೊಚ್ಚಿಯ ಹಳೆಯ ಎಳಂಕುಳಂ ಘಟಕದ್ದು ಬರೀ 45 ಲಕ್ಷ ಲೀಟರ್. ಮಿಕ್ಕ ಮನೆಗಳಿಗೆ ಸೆಪ್ಟಿಕ್ ಟ್ಯಾಂಕೇ ಗತಿ. ಪಕ್ಕದ ವೇಂಬನಾಡು ಸರೋವರವೋ, 2002ರಲ್ಲೇ ರಾಮ್ಸಾರ್ ಪಟ್ಟಿ ಸೇರಿದ್ದು!

ಕಳೆದ ತಿಂಗಳು ಟ್ಯಾಂಕರಿನವನಿಗೆ ಶುದ್ಧೀಕರಣ ಘಟಕದ ರಸೀದಿ ಕೇಳಿದೆ. ಬೇರೆಯವರನ್ನು ನೋಡಿಕೊಳ್ಳಿ ಸಾರ್ ಅಂದ.