ದೆಸ್ತೆಯ ಡೈರಿಯಿಂದ ಸೇನೆಯ ಫ್ರೀಜರ್‌ವರೆಗೆ

1822ರ ಡಿಸೆಂಬರ್. ಆಗಸ್ಟಸ್ ದೆಸ್ತೆ ಎಂಬ 28 ವರ್ಷದ ಬ್ರಿಟಿಷ್ ಸೇನಾಧಿಕಾರಿ, ತಂದೆಯಂತೆ ಪ್ರೀತಿಸುತ್ತಿದ್ದ ಬಂಧುವೊಬ್ಬರ ಜೊತೆ ನಾಲ್ಕು ದಿನ ಇದ್ದು ಬರೋಣ ಅಂತ ಸ್ಕಾಟ್ಲೆಂಡಿನ ಬೆಟ್ಟದ ಸೀಮೆಗೆ ಹೋದ. ಇವನು ತಲುಪುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅಂತ್ಯಕ್ರಿಯೆಯಲ್ಲಿ ಜನರೆದುರು ಅಳಬಾರದು ಅಂತ ಎಷ್ಟು ಬಿಗಿಹಿಡಿದರೂ ಅಳು ತಡೆಯಲಾಗಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೆ ಕಾಗದ ಓದಲು ಹೋದರೆ ಅಕ್ಷರವೆಲ್ಲ ಮಸುಕು. ಬಂದ ಪತ್ರಗಳನ್ನು ಬೇರೆಯವರು ಓದಿ ಹೇಳಬೇಕು, ಉತ್ತರವನ್ನೂ ಅವರೇ ಬರೆಯಬೇಕು. ಆಮೇಲೆ ಐರ್ಲೆಂಡಿಗೆ ಹೋದ. ಅಲ್ಲಿ ಯಾವ ಔಷಧಿಯೂ ಇಲ್ಲದೆ ಕಣ್ಣು ಮೊದಲಿನಂತಾಯಿತು.

ಇದನ್ನೆಲ್ಲ ಅವನೇ ತನ್ನ ಡೈರಿಯಲ್ಲಿ ಬರೆದಿಟ್ಟಿದ್ದಾನೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಇವತ್ತು ಕರೆಯುವ ಕಾಯಿಲೆಯನ್ನು ರೋಗಿಯೇ ಒಳಗಿನಿಂದ ದಾಖಲಿಸಿದ ಅತಿ ಹಳೆಯ ಬರಹಗಳಲ್ಲಿ ಇದೂ ಒಂದು. ಆದರೆ ಬರೆದವನಿಗೆ ಸಾಯುವವರೆಗೂ ಆ ಹೆಸರು ಗೊತ್ತಿರಲಿಲ್ಲ. ಆಗ ಆ ಹೆಸರೇ ಇರಲಿಲ್ಲ.

ದೆಸ್ತೆ ದೊರೆ ಮೂರನೇ ಜಾರ್ಜನ ಮೊಮ್ಮಗ. ಅಪ್ಪ ಅಮ್ಮ ಅರಮನೆಯ ಒಪ್ಪಿಗೆ ಇಲ್ಲದೆ ಮದುವೆಯಾದರು ಅಂತ 1794ರಲ್ಲಿ, ಅಂದರೆ ಇವನು ಹುಟ್ಟಿದ ವರ್ಷವೇ, ಆ ಮದುವೆ ಅಸಿಂಧು ಅಂತ ತೀರ್ಮಾನವಾಯಿತು. ಹಾಗಾಗಿ ರಾಜರಕ್ತ ಇದ್ದರೂ ರಾಜಕುಮಾರನಲ್ಲ. ಸೈನ್ಯ ಸೇರಿದ. 1815ರ ಜನವರಿಯಲ್ಲಿ ಅಮೆರಿಕದ ನ್ಯೂ ಓರ್ಲಿಯನ್ಸ್‌ನಲ್ಲಿ ಬ್ರಿಟಿಷರು ಹೀನಾಯವಾಗಿ ಸೋತ ಯುದ್ಧದಲ್ಲಿ ಇವನೂ ಇದ್ದ.

ಈಗ ಕಾಯಿಲೆಯ ಬಗ್ಗೆ ಎರಡು ಮಾತು. ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಎಂಎಸ್‌ನಲ್ಲಿ ನಮ್ಮದೇ ರೋಗನಿರೋಧಕ ಕಣಗಳು ಮೆದುಳು, ಬೆನ್ನುಹುರಿ, ಕಣ್ಣಿನ ನರಗಳಲ್ಲಿ ಅದನ್ನು ಕಿತ್ತು ಹಾಕುತ್ತವೆ. ಊರಲ್ಲಿ ಪಂಪ್‌ಸೆಟ್ಟಿನ ವೈರನ್ನು ಇಲಿ ಕಡಿದಿರುತ್ತಲ್ಲ, ಹಾಗೆ. ಯಾವ ಜಾಗದಲ್ಲಿ ಕಡಿಯಿತು ಅನ್ನೋದರ ಮೇಲೆ ಏನು ಕೆಡುತ್ತದೆ ಅನ್ನೋದು ನಿಂತಿದೆ. ಒಮ್ಮೆ ಕಣ್ಣು, ಇನ್ನೊಮ್ಮೆ ಕಾಲು, ಮತ್ತೊಮ್ಮೆ ಮೂತ್ರ. ಮಧ್ಯೆ ಕೆಲವೊಮ್ಮೆ ವರ್ಷಗಟ್ಟಲೆ ಏನೂ ಇಲ್ಲ. ನಮ್ಮ ಕೆಲಸದಲ್ಲಿ ಇಂಟರ್‌ಮಿಟೆಂಟ್ ಬಗ್ ಅಂತೀವಿ. ತೋರಿಸೋಣ ಅಂತ ಯಾರನ್ನಾದರೂ ಕರೆದುಕೊಂಡು ಬಂದರೆ ಎಲ್ಲ ಸರಿಯಾಗಿಯೇ ನಡೆಯುತ್ತಿರುತ್ತದೆ.

ದೆಸ್ತೆಗೂ ಹಾಗೇ ಆಯಿತು. 1827ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಒಂದೊಂದೂ ಎರಡೆರಡಾಗಿ ಕಾಣತೊಡಗಿತು. ವೈದ್ಯರು ಪಿತ್ತ ಅಂದರು. ಕಣತಲೆಗೆ ಜಿಗಣೆ ಹಚ್ಚಿದರು, ತೋಳಿನಿಂದ ರಕ್ತ ತೆಗೆದರು, ಭೇದಿಗೆ ಕೊಟ್ಟರು. ದೃಷ್ಟಿ ಸರಿಯಾಯಿತು, ಯಶಸ್ಸು ಜಿಗಣೆಗೆ ಹೋಯಿತು! ಅಷ್ಟರಲ್ಲೇ ಕಾಲಿನ ಬಲ ದಿನಕ್ಕಿಷ್ಟು ಅಂತ ಇಳಿಯತೊಡಗಿತು. ಒಂದೇ ದಿನ ಎರಡು ಸಲ ಕುಸಿದು ಬಿದ್ದ. ಅದಕ್ಕೆ ದಿನಕ್ಕೆರಡು ಹೊತ್ತು ದನದ ಮಾಂಸ, ಜೊತೆಗೆ ಒಳ್ಳೆಯ ವೈನು ಅಂತ ಸಲಹೆ. ಮತ್ತೆ ಚೇತರಿಸಿಕೊಂಡ. ಮತ್ತೆ ಬಿದ್ದ. ಕೊನೆಗೆ ಗಾಲಿಕುರ್ಚಿ. 1848ರಲ್ಲಿ, 54ನೇ ವಯಸ್ಸಿನಲ್ಲಿ ತೀರಿಕೊಂಡ.

ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ ಈ ಕಾಯಿಲೆಯನ್ನು ಬಿಡಿಸಿ ವಿವರಿಸಿದ್ದು 1868ರಲ್ಲಿ. ದೆಸ್ತೆಯ ಡೈರಿಯನ್ನು ಡಗ್ಲಸ್ ಫರ್ತ್ ಪುಸ್ತಕವಾಗಿ ತಂದದ್ದು 1948ರಲ್ಲಿ. ಅಂದರೆ ಸತ್ತು ಸರಿಯಾಗಿ ನೂರು ವರ್ಷಕ್ಕೆ.

ಹೆಸರು ಸಿಕ್ಕ ಮೇಲೂ ಕಾಯುವುದು ತಪ್ಪಲಿಲ್ಲ. ಕಾಯುವುದು ಈ ಕಾಯಿಲೆಯ ರೋಗನಿರ್ಣಯದ ನಿಯಮದಲ್ಲೇ ಬಹಳ ಕಾಲ ಇತ್ತು. ನರವ್ಯೂಹದ ಒಂದಕ್ಕಿಂತ ಹೆಚ್ಚು ಜಾಗದಲ್ಲಿ, ಒಂದಕ್ಕಿಂತ ಹೆಚ್ಚು ಸಮಯದಲ್ಲಿ ಪೆಟ್ಟು ಬಿದ್ದಿದೆ ಅಂತ ಸಾಬೀತಾಗಬೇಕಿತ್ತು. ಒಮ್ಮೆ ಕಣ್ಣು ಮಂಜಾದರೆ ಅದು 'ಇರಬಹುದು', ಅಷ್ಟೇ. 1980ರ ದಶಕದಲ್ಲಿ ಎಂಆರ್‌ಐ ಬಂದ ಮೇಲೆ ಕಲೆಗಳು ಕಣ್ಣಿಗೆ ಬಿದ್ದವು. 2017ರ ಪರಿಷ್ಕೃತ ನಿಯಮಗಳ ಪ್ರಕಾರ ಬೆನ್ನುಹುರಿ ದ್ರವದ ಪರೀಕ್ಷೆಯೂ ಕೆಲವರಲ್ಲಿ ಈ ಕಾಯುವಿಕೆಯನ್ನು ಕಡಿಮೆ ಮಾಡಿತು. ಆದರೂ 'ಇರಬಹುದು' ಎಂಬ ಪದ ಹೋಗಿಲ್ಲ.

ನಮ್ಮಂಥವರಿಗೆ 'ಇರಬಹುದು' ಅಂದರೆ ನಿದ್ದೆಗೆಟ್ಟ ರಾತ್ರಿಗಳು. ಸಮವಸ್ತ್ರದಲ್ಲಿರುವವನಿಗೆ ಅದರ ಜೊತೆಗೆ ಕೆಲಸದ ಪ್ರಶ್ನೆಯೂ ಇದೆ. ಎಂಎಸ್ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 20ರಿಂದ 40ರ ವಯಸ್ಸಿನಲ್ಲಿ, ಸೇನೆಗೆ ಬೇಕಾದ ವಯಸ್ಸೂ ಅದೇ. ಅದೂ ಅಲ್ಲದೆ ಸೈನಿಕನ ಬದುಕಿನಲ್ಲಿ ಪ್ರತಿ ಲಕ್ಷಣಕ್ಕೂ ಬೇರೊಂದು ಕಾರಣ ರೆಡಿ ಇರುತ್ತದೆ. ಕಾಲು ಜೋಮು ಹಿಡಿಯಿತಾ, ಬೂಟು. ಕೈ ಮರಗಟ್ಟಿತಾ, ಬೆನ್ನ ಮೇಲಿನ ಭಾರ. ಬಿಸಿಲಲ್ಲಿ ಓಡಿದಾಗ ಕಣ್ಣು ಮಂಜಾಯಿತಾ, ನೀರು ಕಡಿಮೆ ಕುಡಿದಿದ್ದೀಯ. ಈ ಕೊನೆಯದನ್ನು ಜರ್ಮನ್ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲೇ ಗುರುತಿಸಿದ್ದ: ಮೈ ಬಿಸಿಯಾದರೆ ಎಂಎಸ್ ರೋಗಿಯ ಕಣ್ಣು ತಾತ್ಕಾಲಿಕವಾಗಿ ಮಸುಕಾಗುತ್ತದೆ. ಎಂಆರ್‌ಐಗೆ ಮುಂಚೆ ಬಿಸಿನೀರ ತೊಟ್ಟಿಯಲ್ಲಿ ಕೂರಿಸಿ ಪರೀಕ್ಷೆ ಮಾಡುತ್ತಿದ್ದದ್ದೂ ಇದಕ್ಕೇ. ಕವಾಯತು ಮೈದಾನವೂ ಒಂಥರಾ ಬಿಸಿನೀರ ತೊಟ್ಟಿಯೇ. ನೆರಳಲ್ಲಿ ಅರ್ಧ ಗಂಟೆ ಕೂತರೆ ಸರಿಹೋಗುವ ಕಾಯಿಲೆಯನ್ನು ಯಾವ ಹವಾಲ್ದಾರ ನಂಬುತ್ತಾನೆ? ಹೇಳಿದರೆ ಕಳ್ಳಾಟ ಅಂತಾರೆ. ಹೇಳದೆ ಮುಚ್ಚಿಟ್ಟರೆ, ಅವನ ಕಣ್ಣನ್ನು ನಂಬಿಕೊಂಡು ಪಕ್ಕದಲ್ಲಿ ನಿಂತವನ ಜೀವದ ಪ್ರಶ್ನೆ. ಅಮೆರಿಕದ ಸೇನೆಯಲ್ಲಿ ಎಂಎಸ್ ಅಂತ ಖಚಿತವಾದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಸೇವೆಗೆ ಯೋಗ್ಯನೋ ಅಲ್ಲವೋ ಎಂಬ ತೀರ್ಮಾನ ಅಲ್ಲಿಂದ ಶುರು.

ವಿಚಿತ್ರ ಏನೆಂದರೆ, ಈ ಕಾಯಿಲೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಸೇನೆಯ ಕಡತಗಳಿಂದಲೇ ಬಂದದ್ದು. ಸೈನಿಕ ಎಲ್ಲಿ ಹುಟ್ಟಿದ, ಎಲ್ಲಿಂದ ಭರ್ತಿಯಾದ, ಯಾವತ್ತು ಆಸ್ಪತ್ರೆ ಸೇರಿದ, ಎಲ್ಲ ಬರೆದಿಟ್ಟಿರುತ್ತಾರೆ. ಜಾನ್ ಕರ್ಟ್ಸ್‌ಕಿ ಎಂಬ ನರರೋಗ ತಜ್ಞ ಇದನ್ನು ಚೆನ್ನಾಗಿ ಬಳಸಿಕೊಂಡ. ಎರಡನೇ ಮಹಾಯುದ್ಧದಲ್ಲಿ ತಾನೇ ನೌಕಾಪಡೆಯಲ್ಲಿದ್ದವನು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ, 1955ರಲ್ಲಿ, ರೋಗಿಯ ಸ್ಥಿತಿ ಅಳೆಯಲು ಒಂದು ಮಾಪಕ ಮಾಡಿದ. ಅದರ ಪರಿಷ್ಕೃತ ರೂಪ ಇವತ್ತೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಸೊನ್ನೆ ಅಂದರೆ ಏನೂ ತೊಂದರೆಯಿಲ್ಲ, 6 ಅಂದರೆ ನಡೆಯಲು ಕೋಲು ಬೇಕು, 10 ಅಂದರೆ ಸಾವು. 1979ರಲ್ಲಿ ಅವನ ತಂಡ ಎಂಎಸ್ ಇದ್ದ 5,305 ಮಾಜಿ ಸೈನಿಕರ ಕಡತಗಳನ್ನು ಜಾಲಾಡಿ ತೋರಿಸಿತು: ಅಮೆರಿಕದ ಉತ್ತರಕ್ಕೆ ಹೋದಷ್ಟೂ ಕಾಯಿಲೆ ಹೆಚ್ಚು, ದಕ್ಷಿಣಕ್ಕೆ ಬಂದಷ್ಟೂ ಕಡಿಮೆ. ಉತ್ತರದಲ್ಲಿ ಹುಟ್ಟಿ ದಕ್ಷಿಣದಿಂದ ಭರ್ತಿಯಾದವರಿಗೆ ಅಪಾಯ ಇಳಿದಿತ್ತು. ಹಾಗಾದರೆ ವಂಶವಾಹಿಯೊಂದೇ ಕಾರಣವಲ್ಲ, ಹೊರಗಿನದು ಇನ್ನೇನೋ ಇದೆ. (1940ರಲ್ಲಿ ಫೆರೋ ದ್ವೀಪಗಳಿಗೆ ಬಂದಿಳಿದ ಬ್ರಿಟಿಷ್ ಪಡೆಯೇ ಅಲ್ಲಿಗೆ ಎಂಎಸ್ ತಂದಿತು ಅಂತಲೂ ಅವನು ವಾದಿಸಿದ. ಓದಲು ಪತ್ತೇದಾರಿ ಕಥೆಯ ಹಾಗಿದೆ, ಆದರೆ ಎಲ್ಲರೂ ಒಪ್ಪಿಲ್ಲ. ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ.)

ಆ 'ಹೊರಗಿನದು' ಏನು ಅನ್ನೋದಕ್ಕೆ ದೊಡ್ಡ ಸುಳಿವು ಸಿಕ್ಕಿದ್ದು ಫ್ರೀಜರಿನಲ್ಲಿ. ಅಮೆರಿಕ ತನ್ನ ಸೈನಿಕರ ರಕ್ತವನ್ನು ಎಚ್‌ಐವಿ ಪರೀಕ್ಷೆಗೆ ಅಂತ ಆಗಾಗ ತೆಗೆಯುತ್ತದೆ, ಉಳಿದ ಸೀರಂ ಅನ್ನು ಹೆಪ್ಪುಗಟ್ಟಿಸಿ ಇಡುತ್ತದೆ. ಹಾರ್ವರ್ಡ್‌ನ ಸಂಶೋಧಕರು ಒಂದು ಕೋಟಿಗೂ ಹೆಚ್ಚು ಸೈನಿಕರ 20 ವರ್ಷಗಳ ದಾಖಲೆ ಹಿಡಿದು ಹುಡುಕಿದರು. ಸೇವೆಯಲ್ಲಿದ್ದಾಗಲೇ ಎಂಎಸ್ ಪತ್ತೆಯಾದವರು 955 ಜನ. ಅವರಲ್ಲಿ ಸಾಕಷ್ಟು ಸ್ಯಾಂಪಲ್ ಇದ್ದ 801 ಜನರ ಪೈಕಿ, ಮೊದಲ ಸ್ಯಾಂಪಲ್ಲಿನಲ್ಲಿ ಎಪ್ಸ್ಟೀನ್-ಬಾರ್ ವೈರಸ್ ಸೋಂಕು ಇಲ್ಲದಿದ್ದವರು 35 ಮಾತ್ರ. ಕಾಯಿಲೆ ಶುರುವಾಗುವ ಮೊದಲು ಆ 35ರಲ್ಲಿ 34 ಜನಕ್ಕೆ ಸೋಂಕು ತಗುಲಿತ್ತು. ಸೋಂಕಿನ ನಂತರ ಎಂಎಸ್ ಅಪಾಯ 32 ಪಟ್ಟು ಅಂತ 2022ರಲ್ಲಿ ಪ್ರಕಟಿಸಿದರು. ಈ ವೈರಸ್ ಹೆಚ್ಚುಕಮ್ಮಿ ಎಲ್ಲ ವಯಸ್ಕರಲ್ಲೂ ಇರುತ್ತದೆ, ಬಹುಪಾಲು ಜನಕ್ಕೆ ಎಂಎಸ್ ಬರುವುದೇ ಇಲ್ಲ. ಅದಕ್ಕೇ ಸೋಂಕಿಲ್ಲದ ಆ ಬೆರಳೆಣಿಕೆಯ ಜನರನ್ನು ಹುಡುಕಲು ಕೋಟಿ ಜನರ ಕಡತ ಬೇಕಾಯಿತು.

ಅದೇ ಫ್ರೀಜರಿನಿಂದ 2020ರಲ್ಲಿ ಇನ್ನೊಂದು ಸಂಗತಿ ಹೊರಬಂದಿತ್ತು. ನರತಂತು ಹಾಳಾದಾಗ ರಕ್ತಕ್ಕೆ ಸೋರುವ ಒಂದು ಪ್ರೋಟೀನು, ಎಂಎಸ್ ಬಂದ ಸೈನಿಕರಲ್ಲಿ ಮೊದಲ ಲಕ್ಷಣಕ್ಕೆ ಸುಮಾರು ಆರು ವರ್ಷ ಮೊದಲೇ ಏರಿತ್ತು. ರಕ್ತ ಕೊಟ್ಟ ದಿನ ಅವನು ಆರೋಗ್ಯವಂತ, ಕರ್ತವ್ಯದ ಮೇಲಿದ್ದಾನೆ, ಯಾವ ದೂರೂ ಇಲ್ಲ.

ಅಮೆರಿಕದ ಮಾಜಿ ಸೈನಿಕರ ಕಾನೂನಿನಲ್ಲಿ ದಶಕಗಳಿಂದ ಒಂದು ನಿಯಮವಿದೆ. ಸೇವೆಯಿಂದ ಬಿಡುಗಡೆಯಾಗಿ ಏಳು ವರ್ಷದೊಳಗೆ ಎಂಎಸ್ ಒಂದು ಮಟ್ಟಕ್ಕೆ ಕಾಣಿಸಿಕೊಂಡರೆ, ಅದು ಸೇವೆಯಲ್ಲಿದ್ದಾಗಲೇ ಶುರುವಾಗಿತ್ತು ಅಂತ ಭಾವಿಸಿ ಪರಿಹಾರ ಕೊಡಬೇಕು. ಬೇರೆ ಬಹಳಷ್ಟು ದೀರ್ಘಕಾಲದ ಕಾಯಿಲೆಗಳಿಗೆ ಕೊಟ್ಟಿರುವ ಅವಧಿ ಒಂದೇ ವರ್ಷ. ರಕ್ತದಲ್ಲಿ ಆ ಪ್ರೋಟೀನನ್ನು ಅಳೆಯುವ ಯಂತ್ರ ಬರುವುದಕ್ಕೆ ಎಷ್ಟೋ ಮೊದಲೇ, ಕಾಗದದ ಕಡತಗಳ ಕಾಲದಲ್ಲಿ, ಆ ಏಳು ವರ್ಷವನ್ನು ಬರೆದಿಟ್ಟಿದ್ದರು.