ಬಿರುಕು ಹುಡುಕುವ ಯಂತ್ರ

ಮಗಳ ಮೂರನೇ ತಿಂಗಳ ಸ್ಕ್ಯಾನಿಂಗಿಗೆ ನಾನೂ ಹೋಗಿದ್ದೆ. ಕೂಸಿನ ಕತ್ತಿನ ಹಿಂದೆ ನಿಂತ ನೀರನ್ನು ಅಳೆದ ಡಾಕ್ಟರಮ್ಮ, “ಸ್ವಲ್ಪ ಜಾಸ್ತಿ ಇದೆ, ಇನ್ನೊಂದು ಪರೀಕ್ಷೆ ಮಾಡಿಸೋಣ” ಎಂದರು. ನನಗೆ ನೆನಪಾದವನು ಡೌನ್ ಸಿಂಡ್ರೋಮ್ ಇರುವ ನನ್ನ ತಮ್ಮ.

ಈ ಯಂತ್ರದ ತವರು ಕಾರ್ಖಾನೆ. 1955ರಲ್ಲಿ ಗ್ಲಾಸ್ಗೋದ ಡಾ. ಇಯಾನ್ ಡೊನಾಲ್ಡ್, ರೋಗಿಗಳಿಂದ ತೆಗೆದ ಗೆಡ್ಡೆಗಳನ್ನು ಬಾಯ್ಲರ್ ಕಾರ್ಖಾನೆಯೊಂದಕ್ಕೆ ಒಯ್ದು, ಲೋಹದ ಬಿರುಕು ಹುಡುಕುವ ಶಬ್ದತರಂಗದ ಉಪಕರಣದಲ್ಲಿ ಪರೀಕ್ಷಿಸಿದರು. 1958ರಲ್ಲಿ ಗರ್ಭದ ಚಿತ್ರಗಳನ್ನೇ ಪ್ರಕಟಿಸಿದರು. 1972ರಲ್ಲಿ ಲಂಡನ್ನಿನ ಸ್ಟುವರ್ಟ್ ಕ್ಯಾಂಬೆಲ್ ಮತ್ತು ಸಂಗಡಿಗರು ತಲೆಬುರುಡೆ ಬೆಳೆಯದ ಶಿಶುವನ್ನು 17ನೇ ವಾರದಲ್ಲೇ ಗುರುತಿಸಿದರು. 1992ರಲ್ಲಿ ಅದೇ ಊರಿನ ನಿಕೊಲೈಡಿಸ್ ಮತ್ತು ಸಂಗಡಿಗರು ಕತ್ತಿನ ನೀರಿಗೂ ಡೌನ್ ಸಿಂಡ್ರೋಮಿನಂಥ ದೋಷಗಳಿಗೂ ಇರುವ ನಂಟನ್ನು ತೋರಿಸಿದರು. ಅಳತೆ ಹೇಳುವುದು ಸಂಭವವನ್ನಷ್ಟೇ. ಖಚಿತಪಡಿಸಿಕೊಳ್ಳಲು ಗರ್ಭದ ನೀರಿನ ಪರೀಕ್ಷೆಯಂಥದ್ದು ಬೇಕು.

“ಅಜ್ಜಿಗೆ ಮೊದಲೇ ಗೊತ್ತಾಗಿದ್ದರೆ ಮಾವ ಇರ್ತಿದ್ನೇನಮ್ಮಾ?” ಎಂದಳು ಮಗಳು ದಾರಿಯಲ್ಲಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಉತ್ತರ ಹೊಳೆಯಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ದೋಷವಿಲ್ಲವೆಂದು ಬಂತು. ನೆಮ್ಮದಿಯ ಉಸಿರು ಬಿಟ್ಟೆವು. ಮನೆಗೆ ಬಂದಾಗ ಬಾಗಿಲು ತೆರೆದವನು ತಮ್ಮನೇ. ಮಗಳ ಕೈಚೀಲ ಇಸಿದುಕೊಂಡು, “ಭಾರ ಎತ್ತಬೇಡ” ಎಂದು ಗದರಿದ. ಆ ನೆಮ್ಮದಿಯ ಸುದ್ದಿಯನ್ನು ಅವನೆದುರು ಹೇಳಲು ನಮ್ಮಿಬ್ಬರಿಗೂ ನಾಲಿಗೆ ಏಳಲಿಲ್ಲ.